ಕುದುರೆಯ ಆರೋಗ್ಯ: ಮೇವು, ತಳಿ ಸಂವರ್ಧನೆ ಮತ್ತು ಚಿಕಿತ್ಸೆ

ಬಲಕ್ಕೂ ವೇಗಕ್ಕೂ ಹೆಸರಾದ ಕುದುರೆಯ ಜೀರ್ಣಾಂಗ ಮಾತ್ರ ಬಹಳ ಸೂಕ್ಷ್ಮವಾದುದು. ಅದರ ಜಠರ ಹಿಡಿಯುವುದು ಕೇವಲ 8ರಿಂದ 15 ಲೀಟರ್. ಹಸು, ಎಮ್ಮೆಗಳಂತೆ ಅದು ಮೆಲುಕು ಹಾಕುವುದಿಲ್ಲ. ತಿಂದುದನ್ನು ವಾಂತಿ ಮಾಡಿ ಹೊರಹಾಕಲೂ ಆಗದು. ಆದ್ದರಿಂದ ಮೇವಿನಲ್ಲಾದ ಸಣ್ಣ ತಪ್ಪೂ ಉದರಶೂಲೆಗೆ ತಿರುಗಿ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಹುದು.

ಮೇವು

ಕುದುರೆಗೆ ದಿನಕ್ಕೆ ದೇಹತೂಕದ ಶೇ. 1.5ರಿಂದ 2.5ರಷ್ಟು ಒಣ ಆಹಾರ ಬೇಕು. 500 ಕೆ.ಜಿ. ತೂಗುವ ಕುದುರೆಗೆ ಇದು ಸುಮಾರು 10 ಕೆ.ಜಿ. ಇದರಲ್ಲಿ ಹೆಚ್ಚಿನ ಪಾಲು ಹುಲ್ಲೇ ಆಗಿರಬೇಕು. ದಕ್ಷಿಣ ಭಾರತದಲ್ಲಿ ಹುರುಳಿಯನ್ನು ನೆನೆಸಿ ಅಥವಾ ಬೇಯಿಸಿ ಕೊಡುವ ಪದ್ಧತಿ ಹಿಂದಿನಿಂದಲೂ ಇದೆ. ಕಾಳನ್ನು ಒಮ್ಮೆಲೇ ಹೆಚ್ಚಾಗಿ ಕೊಟ್ಟರೆ ಜೀರ್ಣವಾಗದ ಪಿಷ್ಟ ದೊಡ್ಡ ಕರುಳಿನಲ್ಲಿ ಹುಳಿಯುತ್ತದೆ. ಇದರಿಂದ ಹೊಟ್ಟೆನೋವಷ್ಟೇ ಅಲ್ಲ, ಗೊರಸಿನೊಳಗೆ ಉರಿಯೂತ ಉಂಟಾಗಿ ಕುದುರೆ ಶಾಶ್ವತವಾಗಿ ಕುಂಟಾಗಲೂಬಹುದು. ಮೇವು ಬದಲಿಸುವುದಾದರೆ 7ರಿಂದ 10 ದಿನಗಳಲ್ಲಿ ಕ್ರಮೇಣ ಬದಲಿಸಬೇಕು. ಬೂಷ್ಟು ಹಿಡಿದ ಹುಲ್ಲು ಸಲ್ಲದು. ಶುದ್ಧ ನೀರು ಸದಾ ಲಭ್ಯವಿರಬೇಕು.

ತಳಿ ಸಂವರ್ಧನೆ

ಕರ್ನಾಟಕದಲ್ಲಿ ಅಶ್ವಪಾಲನೆಗೆ ದೀರ್ಘ ಇತಿಹಾಸವಿದೆ. ಟಿಪ್ಪು ಸುಲ್ತಾನನ ಅಶ್ವದಳಕ್ಕೆ ಕುದುರೆಗಳನ್ನು ಸಾಕಿದ ಕುಣಿಗಲ್, ಮುಂದೆ ರೇಸ್ ಕುದುರೆಗಳ ತಳಿ ಕೇಂದ್ರವಾಗಿ ಪ್ರಸಿದ್ಧವಾಯಿತು.

ಹೆಣ್ಣು ಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು. ಕೊನೆಯ ಮೂರು ತಿಂಗಳಲ್ಲಿ ಮರಿ ವೇಗವಾಗಿ ಬೆಳೆಯುವುದರಿಂದ ತಾಯಿಗೆ ಹೆಚ್ಚು ಪ್ರೋಟೀನ್ ಮತ್ತು ಖನಿಜಾಂಶ ಅಗತ್ಯ. ಅವಳಿ ಗರ್ಭ ಅಪಾಯಕಾರಿಯಾದುದರಿಂದ ಆರಂಭದಲ್ಲೇ ಸ್ಕ್ಯಾನಿಂಗ್ ಮಾಡಿಸುವುದು ಒಳಿತು. ಆರೋಗ್ಯವಂತ ಮರಿ ಹುಟ್ಟಿದ ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು. ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ರೋಗನಿರೋಧಕ ಅಂಶಗಳು ಗರ್ಭದಲ್ಲಿ ಮರಿಗೆ ದೊರೆಯುವುದಿಲ್ಲ. ಗಿಣ್ಣು ಹಾಲಿನಿಂದಲೇ ಬರಬೇಕು. ಮೊದಲ ದಿನ ಕಳೆದರೆ ಅವುಗಳನ್ನು ಹೀರುವ ಶಕ್ತಿ ಮರಿಯ ಕರುಳಿಗೆ ಇರುವುದಿಲ್ಲ.

ಚಿಕಿತ್ಸೆ ಮತ್ತು ಮುನ್ನೆಚ್ಚರಿಕೆ

ವಿಶ್ರಾಂತಿಯಲ್ಲಿರುವ ವಯಸ್ಕ ಕುದುರೆಯ ನಾಡಿಬಡಿತ ನಿಮಿಷಕ್ಕೆ 28ರಿಂದ 44. ದೇಹದ ಉಷ್ಣತೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ನೆಲ ಕೆರೆಯುವುದು, ಪಕ್ಕೆಯತ್ತ ಮತ್ತೆ ಮತ್ತೆ ತಿರುಗಿ ನೋಡುವುದು, ಹೊರಳಾಡುವುದು, ಲದ್ದಿ ಹಾಕದಿರುವುದು ಉದರಶೂಲೆಯ ಲಕ್ಷಣಗಳು. ಇಂಥ ಸಂದರ್ಭದಲ್ಲಿ ಮೇವು ನಿಲ್ಲಿಸಿ ಕೂಡಲೇ ಪಶುವೈದ್ಯರನ್ನು ಕರೆಸಬೇಕು. ಬಾಯಿಗೆ ಎಣ್ಣೆ, ಕಷಾಯ ಸುರಿಯಬಾರದು. ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಧನುರ್ವಾಯು ಮತ್ತು ರೇಬಿಸ್ ಲಸಿಕೆ, ಲದ್ದಿ ಪರೀಕ್ಷೆಯ ಆಧಾರದ ಮೇಲೆ ಜಂತುನಾಶಕ, ವರ್ಷಕ್ಕೊಮ್ಮೆ ಹಲ್ಲಿನ ತಪಾಸಣೆ, 6ರಿಂದ 8 ವಾರಗಳಿಗೊಮ್ಮೆ ಗೊರಸು ಕತ್ತರಿಸುವುದು ತಪ್ಪಬಾರದು. ಮನುಷ್ಯರಿಗೂ ಹರಡಬಲ್ಲ ಗ್ಲಾಂಡರ್ಸ್ ರೋಗಕ್ಕೆ ಲಸಿಕೆಯಿಲ್ಲ. ಸೋಂಕು ದೃಢಪಟ್ಟ ಕುದುರೆಗೆ ದಯಾಮರಣವೇ ಗತಿ. ಹೊಸದಾಗಿ ತಂದ ಕುದುರೆಯನ್ನು ಪ್ರತ್ಯೇಕವಾಗಿರಿಸಿ ರಕ್ತ ಪರೀಕ್ಷೆ ಮಾಡಿಸಿದ ನಂತರವೇ ಲಾಯಕ್ಕೆ ಸೇರಿಸಬೇಕು. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ರೋಗದ ಪತ್ತೆಯಲ್ಲಿ ಪರಿಣತಿ ಪಡೆದಿದೆ.

ಬೆಂಗಳೂರಿನ ರೇಸ್ ಕುದುರೆಗೂ ಮೈಸೂರಿನ ಟಾಂಗಾ ಕುದುರೆಗೂ ದೇಹರಚನೆ ಒಂದೇ, ಆರೈಕೆಯಷ್ಟೇ ಬೇರೆ. ಮೊದಲನೆಯದಕ್ಕೆ ಕರೆದಾಕ್ಷಣ ವೈದ್ಯರು ಬರುತ್ತಾರೆ. ಎರಡನೆಯದಕ್ಕೆ ಬಹುಪಾಲು ಮಾಲೀಕನ ಕಣ್ಣೇ ವೈದ್ಯ. ಹೊತ್ತಿಗೆ ಸರಿಯಾಗಿ ಮೇವು, ನೀರು, ನೆರಳು ಒದಗಿಸಿ, ದಿನವೂ ಗೊರಸು ಮತ್ತು ಲದ್ದಿಯನ್ನು ಗಮನಿಸಿದರೆ ಅನೇಕ ಕುದುರೆಗಳ ಜೀವ ಉಳಿಯುತ್ತದೆ.