ಗುಟ್ಟು ಕಾಯುವವರು: ಪತ್ತೇದಾರಿ ಮಣೆಯಾಟದ ಚರಿತ್ರೆ

ಪತ್ತೇದಾರಿ ಆಟಕ್ಕೆ ಬೇರೆ ಮಣೆಯಾಟಗಳಿಗಿಲ್ಲದ ಒಂದು ತೊಡಕು ಹುಟ್ಟಿನಿಂದಲೇ ಅಂಟಿಕೊಂಡಿದೆ. ಪಗಡೆ, ಚೌಕಾಬಾರ, ಚದುರಂಗಗಳಲ್ಲಿ ಎಲ್ಲವೂ ಎಲ್ಲರ ಕಣ್ಣೆದುರಿಗೇ ನಡೆಯುತ್ತದೆ. ಪತ್ತೇದಾರಿ ಆಟದಲ್ಲಾದರೋ ಕೊಲೆಗಾರ ಯಾರೆಂಬ ಸಂಗತಿ ಎಲ್ಲಿಯಾದರೂ ನಿಶ್ಚಿತವಾಗಿ ಇರಲೇಬೇಕು, ಆದರೆ ಆಡಲು ಕುಳಿತವರಲ್ಲಿ ಯಾರಿಗೂ ಅದು ತಿಳಿದಿರಬಾರದು. ತಿಳಿದವರು ಒಬ್ಬರಿದ್ದರೆ ಅವರು ಆಡುವ ಹಾಗಿಲ್ಲ. ಯಾರಿಗೂ ತಿಳಿಯದಿದ್ದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುವವರಿಲ್ಲ. ಮೊಬೈಲ್ ಆ್ಯಪ್ ಒಂದನ್ನು ಮೇಜಿನ ನಡುವೆ ಇಟ್ಟುಕೊಂಡು ಮೂರು ನಾಲ್ಕು ಜನ ಒಟ್ಟಾಗಿ ಆಡುವ ಇಂದಿನ ಸಹಕಾರಿ ಪತ್ತೇದಾರಿ ಆಟವು, ಅಂದರೆ ಆಟಗಾರರು ಒಬ್ಬರನ್ನೊಬ್ಬರು ಸೋಲಿಸಲು ಹೋಗದೆ ಎಲ್ಲರೂ ಒಂದೇ ಪಕ್ಷವಾಗಿ ಪ್ರಕರಣವನ್ನು ಎದುರಿಸುವ ಆಟವು, ಗುಟ್ಟನ್ನು ಯಾರ ವಶಕ್ಕೆ ಒಪ್ಪಿಸಬೇಕೆಂಬ ಈ ಹಳೆಯ ಪ್ರಶ್ನೆಗೆ ದೊರೆತ ಇತ್ತೀಚಿನ ಉತ್ತರವಾಗಿದೆ.

ಮೊದಮೊದಲ ಉತ್ತರ ಮೊಹರು ಮಾಡಿದ ಕಾಗದ. 1936ರಲ್ಲಿ ಇಂಗ್ಲೆಂಡಿನ ಕಾದಂಬರಿಕಾರ ಡೆನಿಸ್ ವೀಟ್ಲಿ ಮತ್ತು ಅವನ ಸ್ನೇಹಿತ ಜೆ. ಜಿ. ಲಿಂಕ್ಸ್ ಸೇರಿ ಹೊರತಂದ ‘ಮರ್ಡರ್ ಆಫ್ ಮಯಾಮಿ’ ಎಂಬ ಕೃತಿ ಕಾದಂಬರಿಯ ರೂಪದಲ್ಲಿರದೆ ಪೊಲೀಸ್ ಕಡತದ ರೂಪದಲ್ಲಿತ್ತು: ಬೆರಳಚ್ಚು ಯಂತ್ರದಲ್ಲಿ ಹೊಡೆದಂತಹ ವರದಿಗಳು, ತಂತಿ ಸಂದೇಶಗಳು, ಛಾಯಾಚಿತ್ರಗಳು, ಅವುಗಳ ಜೊತೆಗೆ ನಿಜವಾದ ಕೂದಲೆಳೆ, ಉರಿದ ಕಡ್ಡಿ, ಕಲೆ ಹತ್ತಿದ ಪರದೆಯ ತುಂಡು. ಪರಿಹಾರವಿದ್ದ ಕೊನೆಯ ಪುಟಗಳನ್ನು ಅಂಟಿಸಿ ಮುಚ್ಚಲಾಗಿತ್ತು. ಸುಳಿವನ್ನು ಬರಿಯ ಮಾತಿನಲ್ಲಿ ವರ್ಣಿಸದೆ ಓದುಗನ ಬೆರಳಿಗೇ ತಗಲುವಂತೆ ಕೊಡಬಹುದೆಂಬ ಅರಿವು ಇಲ್ಲಿ ಮೂಡಿತು. ಆದರೆ ಕಡತ ಪ್ರಶ್ನೆಗೆ ಪ್ರತ್ಯುತ್ತರ ಕೊಡಲಾರದು, ಒಮ್ಮೆ ಅಂಟು ಬಿಚ್ಚಿದ ಮೇಲೆ ಅದರ ಆಯುಸ್ಸೂ ಮುಗಿಯಿತು.

ಒಂದೇ ಪೆಟ್ಟಿಗೆಯಿಂದ ಮತ್ತೆ ಮತ್ತೆ ಹೊಸ ಗುಟ್ಟು ಹುಟ್ಟುವಂತೆ ಮಾಡಿದವನು ಬರ್ಮಿಂಗ್‌ಹ್ಯಾಮಿನ ಆ್ಯಂಥನಿ ಪ್ರ್ಯಾಟ್. ಅವನು ವೃತ್ತಿಯಿಂದ ಸಂಗೀತಗಾರ. ಯುದ್ಧಕಾಲದಲ್ಲಿ ಕಾರ್ಖಾನೆಯ ಕೆಲಸಕ್ಕೆ ಸೇರಿದ್ದಾಗ ಕೊಲೆಯ ಆಟವೊಂದನ್ನು ರೂಪಿಸಿ 1944ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು, ಅವನ ಹೆಂಡತಿ ಎಲ್ವಾ ಮಣೆಯ ಚಿತ್ರವನ್ನು ಬರೆದಳು. ಯುದ್ಧಾನಂತರದ ಸಾಮಗ್ರಿಗಳ ಅಭಾವದಿಂದ ತಡವಾಗಿ, 1949ರಲ್ಲಿ ಲೀಡ್ಸ್ ನಗರದ ವ್ಯಾಡಿಂಗ್ಟನ್ಸ್ ಕಂಪನಿ ಅದನ್ನು ‘ಕ್ಲೂಡೊ’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಸುಳಿವು ಎಂಬ ಅರ್ಥದ ‘ಕ್ಲೂ’ ಮತ್ತು ಬ್ರಿಟನ್ನಿನ ಮನೆಮನೆಯಲ್ಲಿದ್ದ ‘ಲೂಡೊ’ ಎಂಬ ಎರಡು ಪದಗಳ ಬೆಸುಗೆ ಈ ಹೆಸರು. ಆ ಲೂಡೊ ಭಾರತದ ಪಚ್ಚೀಸಿಯನ್ನು, ಅಂದರೆ ನಮ್ಮ ಪಗಡೆಯ ಬಳಗದ ಆಟವನ್ನು, ಆಂಗ್ಲರು ತಮ್ಮ ಮಕ್ಕಳಿಗಾಗಿ ಸರಳಗೊಳಿಸಿಕೊಂಡ ರೂಪ. ಕೊಲೆಯ ಆಟದ ಹೆಸರಿನೊಳಗೆ ಪಗಡೆಹಾಸಿನ ನೆನಪು ಹೀಗೆ ಉಳಿದುಬಂದಿದೆ.

ಕ್ಲೂಡೊದಲ್ಲಿ ಆರು ಶಂಕಿತರು, ಆರು ಆಯುಧಗಳು, ಒಂಬತ್ತು ಕೋಣೆಗಳು. ಒಂದೊಂದು ಗುಂಪಿನಿಂದ ಒಂದೊಂದು ಕಾರ್ಡನ್ನು ನೋಡದೆ ಎತ್ತಿ ಲಕೋಟೆಯೊಳಗೆ ಸೇರಿಸಿ, ಉಳಿದವನ್ನು ಆಟಗಾರರಿಗೆ ಹಂಚಿದಾಗ 324 ಸಾಧ್ಯತೆಗಳಲ್ಲಿ ಒಂದು ಮಾತ್ರ ಸತ್ಯವಾಗಿ, ಯಾರಿಗೂ ತಿಳಿಯದೆ, ಮೇಜಿನ ನಡುವೆ ಕುಳಿತಿರುತ್ತದೆ. ಉಪಾಯ ಚೊಕ್ಕವಾದದ್ದು; ಆದರೆ ಅದಕ್ಕೆ ತೆತ್ತ ಬೆಲೆ ಕಡಿಮೆಯದಲ್ಲ. ಸತ್ಯದ ಚೂರುಗಳು ಎದುರಾಳಿಗಳ ಕೈಯಲ್ಲಿ ಹಂಚಿಹೋದ್ದರಿಂದ ಪ್ರತಿಯೊಬ್ಬರೂ ಉಳಿದವರಿಂದ ಮುಚ್ಚಿಡುತ್ತಲೇ ಆಡಬೇಕಾಯಿತು, ಮತ್ತು ಯಾರು, ಯಾವುದರಿಂದ, ಎಲ್ಲಿ ಎಂಬ ಮೂರು ಪ್ರಶ್ನೆಗಳ ಆಚೆಗೆ ಕೊಲೆ ಏಕೆ ನಡೆಯಿತೆಂಬ ನಾಲ್ಕನೆಯ ಪ್ರಶ್ನೆಗೆ ಆಟದಲ್ಲಿ ಜಾಗವೇ ಇರಲಿಲ್ಲ. ಪತ್ತೇದಾರಿ ಕಥೆಯನ್ನು ಪ್ರೀತಿಸುವ ಯಾವ ಓದುಗನಿಗೂ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬೆನ್ನಟ್ಟಿ ಓದಿದ ಕನ್ನಡಿಗರಿಗಂತೂ, ಆ ನಾಲ್ಕನೆಯ ಪ್ರಶ್ನೆಯೇ ಕಥೆಯ ಜೀವ.

ಆ ಜೀವವನ್ನು ಮಣೆಯಾಟಕ್ಕೆ ತಂದುಕೊಟ್ಟದ್ದು ಸ್ಯಾನ್ ಫ್ರಾನ್ಸಿಸ್ಕೊದ ಸ್ಲೂತ್ ಪಬ್ಲಿಕೇಷನ್ಸ್ 1980ರ ದಶಕದ ಆರಂಭದಲ್ಲಿ ಪ್ರಕಟಿಸಿದ ‘ಷರ್ಲಾಕ್ ಹೋಮ್ಸ್ ಕನ್ಸಲ್ಟಿಂಗ್ ಡಿಟೆಕ್ಟಿವ್’. ಗ್ಯಾರಿ ಗ್ರೇಡಿ, ಸುಝಾನ್ ಗೋಲ್ಡ್‌ಬರ್ಗ್ ಮತ್ತು ರೇಮಂಡ್ ಎಡ್ವರ್ಡ್ಸ್ ರಚಿಸಿದ ಈ ಆಟದಲ್ಲಿ ದಾಳವಿಲ್ಲ, ಕಾಯಿಗಳಿಲ್ಲ, ಎದುರಾಳಿಯೂ ಇಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನ ನಕ್ಷೆ, ಊರಿನವರ ವಿಳಾಸಗಳ ಪುಸ್ತಕ, ಪ್ರಕರಣದ ದಿನದ ವೃತ್ತಪತ್ರಿಕೆ, ಒಂದು ಪ್ರಕರಣ ಪುಸ್ತಕ ಇಷ್ಟೇ ಸಾಮಗ್ರಿ. ಗುಂಪಿನವರು ಪತ್ರಿಕೆಯನ್ನು ಸಾಲುಸಾಲಾಗಿ ಓದಿ, ಯಾರನ್ನು ಕಾಣಬೇಕೆಂದು ತಮ್ಮೊಳಗೇ ವಾದಿಸಿ, ವಿಳಾಸ ಪುಸ್ತಕದಲ್ಲಿ ಆ ವ್ಯಕ್ತಿಯ ಮನೆಯ ಸಂಖ್ಯೆ ಮತ್ತು ಬಡಾವಣೆಯನ್ನು ಹುಡುಕಿ, ಅದೇ ಸಂಖ್ಯೆಯ ಪರಿಚ್ಛೇದವನ್ನು ಪ್ರಕರಣ ಪುಸ್ತಕದಲ್ಲಿ ತೆರೆದು ಗಟ್ಟಿಯಾಗಿ ಓದುತ್ತಾರೆ. ಹೋದ ಮನೆಯಲ್ಲಿ ಏನೂ ಸಿಗದೆ ಬರಿಗೈಯಲ್ಲಿ ಮರಳುವುದೂ ಉಂಟು. ಸಾಕೆನಿಸಿದಾಗ ತನಿಖೆ ನಿಲ್ಲಿಸಿ ಪ್ರಶ್ನೆಗಳಿಗೆ ಉತ್ತರ ಬರೆದು, ತಾವು ಎಷ್ಟು ಮನೆಗಳ ಬಾಗಿಲು ತಟ್ಟಿದೆವು, ಹೋಮ್ಸ್ ಎಷ್ಟು ತಟ್ಟಿದ ಎಂದು ಹೋಲಿಸಿ ಅಂಕ ಕೊಟ್ಟುಕೊಳ್ಳುತ್ತಾರೆ. ಹೋಮ್ಸ್‌ಗೆ ಸರಿಗಟ್ಟುವವರು ವಿರಳ. ಜರ್ಮನಿಯಲ್ಲಿ ವರ್ಷದ ಅತ್ಯುತ್ತಮ ಆಟಕ್ಕೆ ಕೊಡುವ ‘ಷ್ಪೀಲ್ ಡೆಸ್ ಯಾರೆಸ್’ ಪ್ರಶಸ್ತಿ 1985ರಲ್ಲಿ ಇದರ ಜರ್ಮನ್ ಆವೃತ್ತಿಗೆ ಸಂದಿತು.

ಇಲ್ಲಿ ಗುಟ್ಟನ್ನು ಕಾಯುತ್ತಿದ್ದುದು ಪುಸ್ತಕ. ಅದನ್ನು ಕಾಯಲು ಪುಸ್ತಕಕ್ಕೆ ಆಟಗಾರರ ಪ್ರಾಮಾಣಿಕತೆಯೊಂದೇ ಬಲ. ಪಕ್ಕದ ಪರಿಚ್ಛೇದದ ಮೇಲೆ ಕಣ್ಣು ಹಾಯುವುದನ್ನು ತಡೆಯಲಾಗದು. ಅದಕ್ಕಿಂತ ಮಿಗಿಲಾದ ಕೊರತೆಯೆಂದರೆ, ಒಂದು ಮನೆಗೆ ಮೊದಲ ಗಳಿಗೆಯಲ್ಲಿ ಹೋದರೂ ಕೊನೆಯ ಗಳಿಗೆಯಲ್ಲಿ ಹೋದರೂ, ರಕ್ತಸಿಕ್ತ ಚಾಕುವನ್ನು ಕೈಯಲ್ಲಿ ಹಿಡಿದೇ ಹೋದರೂ, ಆ ಮನೆಯಾಕೆ ಹೇಳುವ ಮಾತು ಒಂದೇ. ಆಟಗಾರರು ಏನನ್ನು ಬಲ್ಲರು, ಏನನ್ನು ಇನ್ನೂ ಅರಿಯರು ಎಂಬುದು ಅಚ್ಚಾದ ಪುಟಕ್ಕೆ ತಿಳಿಯುವಂತಿಲ್ಲ.

ಗುಟ್ಟನ್ನು ಯಂತ್ರಕ್ಕೆ ಒಪ್ಪಿಸುವ ಯತ್ನ ಅದಕ್ಕೂ ಮುಂಚೆಯೇ ನಡೆದಿತ್ತು. ರಾಬರ್ಟ್ ಡಾಯ್ಲ್ ರೂಪಿಸಿ 1979ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಹೊರತಂದ ‘ಸ್ಟಾಪ್ ಥೀಫ್’ ಆಟದಲ್ಲಿ ಕೈಯಲ್ಲಿ ಹಿಡಿಯುವಷ್ಟು ದೊಡ್ಡ ವಿದ್ಯುನ್ಮಾನ ಪೆಟ್ಟಿಗೆಯೊಂದಿತ್ತು; ಕಳ್ಳ ಮಣೆಯ ಮೇಲೆ ಕಾಣುತ್ತಿರಲಿಲ್ಲ, ಆ ಪೆಟ್ಟಿಗೆಯ ನೆನಪಿನಲ್ಲಿ ಮಾತ್ರ ಓಡಾಡುತ್ತಿದ್ದ. ಹೆಜ್ಜೆ ಸಪ್ಪಳ, ಬಾಗಿಲಿನ ಕಿರುಗುಟ್ಟುವಿಕೆ, ಗಾಜು ಒಡೆದ ಸದ್ದು ಇವನ್ನು ಕೇಳಿ ಅವನು ಯಾವ ಮನೆಯನ್ನು ಹೊಕ್ಕು ಯಾವ ಬೀದಿಗೆ ಬಂದನೆಂದು ಊಹಿಸಬೇಕಿತ್ತು. ಗುಟ್ಟು ಕಾಯುತ್ತಲೇ ಸುಳಿವನ್ನೂ ಕೊಡಬಲ್ಲ ನಿಷ್ಪಕ್ಷಪಾತಿಯೊಬ್ಬ ಮೇಜಿಗೆ ಬಂದದ್ದು ಹೀಗೆ. 1985ರ ಸುಮಾರಿಗೆ ಕ್ಲೂಡೊದ ವಿಡಿಯೊ ಕ್ಯಾಸೆಟ್ ರೂಪವೂ ಅಮೆರಿಕದಲ್ಲಿ ಬಂದಿತಾದರೂ ಕ್ಯಾಸೆಟ್ಟು ಆಟಗಾರರ ಪ್ರಶ್ನೆಗೆ ಕಿವಿಗೊಡುವ ಮಾಧ್ಯಮವಲ್ಲ.

ಆ ಬಳಿಕ ಯಂತ್ರದ ಕೆಲಸವನ್ನು ಬಹುಕಾಲ ಮನುಷ್ಯನೇ ಹೊತ್ತನು. ಫ್ಯಾಂಟಸಿ ಫ್ಲೈಟ್ ಗೇಮ್ಸ್ 2011ರಲ್ಲಿ ಪ್ರಕಟಿಸಿದ ‘ಮ್ಯಾನ್ಷನ್ಸ್ ಆಫ್ ಮ್ಯಾಡ್ನೆಸ್’ ಎಂಬ ಭಯಾನಕ ತನಿಖೆಯ ಆಟದಲ್ಲಿ ಒಬ್ಬಾತ ಗುಟ್ಟನ್ನೆಲ್ಲ ಬಲ್ಲ ‘ಕೀಪರ್’ ಆಗಿ ಉಳಿದವರೆದುರು ಕೂರಬೇಕಿತ್ತು. 2016ರ ಎರಡನೆಯ ಆವೃತ್ತಿ ಆ ಸ್ಥಾನವನ್ನೇ ತೆಗೆದುಹಾಕಿ ಅದನ್ನು ಆ್ಯಪ್‌ಗೆ ವಹಿಸಿತು. ಕೀಪರ್ ಎದ್ದು ಬಂದು ಉಳಿದವರ ಪಕ್ಕದಲ್ಲಿ ಕುಳಿತನು. ಆಟ ಪೂರ್ತಿಯಾಗಿ ಸಹಕಾರಿಯಾಯಿತು. ಆ್ಯಪ್ ಬಂದದ್ದು ಹೊಳಪಿಗಾಗಿ ಅಲ್ಲ, ಒಬ್ಬ ಮನುಷ್ಯನ ಬಿಡುಗಡೆಗಾಗಿ ಎಂಬುದನ್ನು ಈ ಬದಲಾವಣೆಯೊಂದೇ ತೋರಿಸುತ್ತದೆ.

ಶುದ್ಧ ಪತ್ತೇದಾರಿ ಆಟದಲ್ಲಿ ಈ ತಂತ್ರ ಹದಕ್ಕೆ ಬಂದದ್ದು 2018ರಲ್ಲಿ, ಡೇವಿಡ್ ಸಿಕ್ಯುರೆಲ್ ರಚಿಸಿ ಪೋಲೆಂಡಿನ ಲಕ್ಕಿ ಡಕ್ ಗೇಮ್ಸ್ ಪ್ರಕಟಿಸಿದ ‘ಕ್ರಾನಿಕಲ್ಸ್ ಆಫ್ ಕ್ರೈಮ್’ ಆಟದಲ್ಲಿ. ಇದರ ಪ್ರತಿಯೊಂದು ವ್ಯಕ್ತಿಯ ಕಾರ್ಡಿನ ಮೇಲೆ, ಸ್ಥಳದ ಹಲಗೆಯ ಮೇಲೆ, ವಸ್ತುವಿನ ಕಾರ್ಡಿನ ಮೇಲೆ ಕ್ಯೂಆರ್ ಕೋಡ್ ಇದೆ. ಇಂದು ತರಕಾರಿ ಗಾಡಿಯ ತಕ್ಕಡಿಗೂ ಅಂಟಿಸಿರುವ ಅದೇ ಕಪ್ಪು-ಬಿಳಿ ಚೌಕ. ಆ ಚೌಕವೂ ಮಣೆಯಾಟಕ್ಕೆ ಋಣಿ ಎಂಬುದು ಸಂತೋಷ ಕೊಡುವ ಸಂಗತಿ: ಕಾರಿನ ಬಿಡಿಭಾಗಗಳ ಲೆಕ್ಕ ಇಡಲು 1994ರಲ್ಲಿ ಅದನ್ನು ರೂಪಿಸಿದ ಜಪಾನಿನ ಡೆನ್ಸೊ ಬಳಗದ ಎಂಜಿನಿಯರ್ ಮಸಾಹಿರೊ ಹಾರಾ ಅವರಿಗೆ ಅದರ ಹೊಳಹು ದೊರೆತದ್ದು ‘ಗೋ’ ಆಟದ ಮಣೆಯ ಮೇಲಿನ ಕಪ್ಪು-ಬಿಳಿ ಕಾಯಿಗಳ ವಿನ್ಯಾಸದಿಂದ.

ಶಂಕಿತನ ಕಾರ್ಡನ್ನು ಫೋನಿನ ಕ್ಯಾಮೆರಾಕ್ಕೆ ತೋರಿಸಿದರೆ ಅವನೊಡನೆ ಮಾತು ಆರಂಭವಾಗುತ್ತದೆ, ಅನಂತರ ಚಾಕುವಿನ ಕಾರ್ಡನ್ನು ತೋರಿಸಿದರೆ ಆ ಚಾಕುವಿನ ಬಗ್ಗೆ ಕೇಳಿದಂತೆ. ಹಿಂದೆ ಏನೇನು ಕೇಳಲಾಗಿದೆ, ಏನೇನು ಸಿಕ್ಕಿದೆ ಎಂಬುದೆಲ್ಲ ಆ್ಯಪ್‌ಗೆ ನೆನಪಿರುವುದರಿಂದ ಶಂಕಿತನ ಉತ್ತರವೂ ತನಿಖೆ ಮುಂದುವರಿದಂತೆ ಬದಲಾಗಬಲ್ಲದು. ಅಚ್ಚಿನ ಪುಟಕ್ಕೆ ಆಗದಿದ್ದುದು ಇದೇ. ಒಂದು ಪ್ರಶ್ನೆಗೆ ಐದು ನಿಮಿಷ, ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಲು ಇಪ್ಪತ್ತು ನಿಮಿಷ ಎಂದು ಕಥೆಯೊಳಗಿನ ಗಡಿಯಾರ ಮುಂದೆ ಸರಿಯುವುದರಿಂದ ಸುಮ್ಮನೆ ಎಲ್ಲರನ್ನೂ ಎಲ್ಲವನ್ನೂ ಕೇಳುತ್ತ ಕೂರುವಂತಿಲ್ಲ. ಕಾರ್ಡಿನ ಕೋಡ್‌ಗೆ ಯಾವ ಅರ್ಥ ಎಂಬುದನ್ನು ಆ್ಯಪ್ ಪ್ರಕರಣದಿಂದ ಪ್ರಕರಣಕ್ಕೆ ಬೇರೆ ಮಾಡುತ್ತದೆಯಾದ್ದರಿಂದ ಒಂದೇ ಕಾರ್ಡುಗಳ ಕಟ್ಟಿನಿಂದ ಹಲವು ಕೊಲೆಗಳ ಕಥೆ ಹೊಮ್ಮುತ್ತದೆ.

ಈ ಆಟದ ಅತ್ಯಂತ ಸುಂದರವಾದ ಭಾಗ ಕೃತ್ಯ ನಡೆದ ಸ್ಥಳದ ಪರಿಶೀಲನೆ. ಒಬ್ಬಾಕೆ ಫೋನನ್ನು ಮುಖದ ಎದುರು ಹಿಡಿದು, ಬೇಕಾದರೆ ಪುಟ್ಟ ಮಸೂರಗಳ ಕನ್ನಡಕವನ್ನು ಅದಕ್ಕೆ ಸಿಕ್ಕಿಸಿಕೊಂಡು, ಕುಳಿತಲ್ಲೇ ಸುತ್ತ ತಿರುಗುತ್ತಾಳೆ. ಸುತ್ತಲೂ ಚಾಚಿಕೊಂಡ ಕೋಣೆಯ ಚಿತ್ರ ಅವಳೊಬ್ಬಳಿಗೇ ಕಾಣುತ್ತದೆ. ಮೇಜಿನ ಮೇಲೆ ಹರಿದ ಪತ್ರ, ಕಿಟಕಿಯ ಬಳಿ ಬೂಟು, ಕುರ್ಚಿಯ ಕೆಳಗೆ ಏನೋ ಹೊಳೆಯುವಂಥದ್ದು ಎಂದು ಅವಳು ಹೇಳುತ್ತಿದ್ದಂತೆ ಉಳಿದವರು ಕಾಗದಪತ್ರ, ಉಡುಪು, ಆಯುಧ ಎಂಬ ಸಾಮಾನ್ಯ ವರ್ಗಗಳ ಕಾರ್ಡುಗಳಲ್ಲಿ ತಡಕಾಡುತ್ತಾರೆ. ಅವಳು ಕಂಡೂ ಹೇಳದಿದ್ದುದು ಗುಂಪಿಗೆ ಇಲ್ಲವೆಂದೇ ಲೆಕ್ಕ. ಸಹಕಾರಿ ಆಟಗಳಲ್ಲಿ ಗಟ್ಟಿ ದನಿಯ ಒಬ್ಬನೇ ಎಲ್ಲರ ಪರವಾಗಿ ತೀರ್ಮಾನಿಸಿಬಿಡುವ ಹಳೆಯ ಕೇಡಿಗೆ ಇದೊಂದು ಒಳ್ಳೆಯ ಮದ್ದು, ಏಕೆಂದರೆ ಕಣ್ಣು ಒಬ್ಬರಲ್ಲಿ, ಕೈ ಇನ್ನೊಬ್ಬರಲ್ಲಿ ಹಂಚಿಹೋಗಿರುವಾಗ ಪ್ರತಿಯೊಬ್ಬರ ಮಾತನ್ನೂ ಕಿವಿಗೊಟ್ಟು ಕೇಳಲೇಬೇಕಾಗುತ್ತದೆ.

ಅದೇ ವರ್ಷ ಪೋಲೆಂಡಿನದೇ ಪೋರ್ಟಲ್ ಗೇಮ್ಸ್ ಪ್ರಕಟಿಸಿದ, ಇಗ್ನಾಟ್ಸಿ ತ್ಶೆವಿಚೆಕ್ ಮತ್ತು ಸಂಗಡಿಗರ ‘ಡಿಟೆಕ್ಟಿವ್’ ಆಟವು ಬೇರೆ ದಾರಿ ಹಿಡಿಯಿತು. ಇದರ ಐದು ಪ್ರಕರಣಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಆಟಗಾರರು ವರ್ಜೀನಿಯಾದ ರಿಚ್ಮಂಡ್ ನಗರದ ಆ್ಯಂಟರೆಸ್ ಎಂಬ ಕಾಲ್ಪನಿಕ ತನಿಖಾ ಸಂಸ್ಥೆಯವರಾಗಿ, ಅಂತರ್ಜಾಲದಲ್ಲಿರುವ ಆ ಸಂಸ್ಥೆಯ ದತ್ತಾಂಶ ಕೋಶವನ್ನು ತೆರೆದು ವ್ಯಕ್ತಿಗಳ ಕಡತ ಓದುತ್ತಾರೆ, ಬೆರಳಚ್ಚುಗಳನ್ನು ತಾಳೆ ನೋಡುತ್ತಾರೆ. ಬೇಕಾದಾಗ ನಿಜವಾದ ಇತಿಹಾಸವನ್ನೂ ಅಂತರ್ಜಾಲದಲ್ಲಿ ಹುಡುಕಲು ಆಟವೇ ಅನುಮತಿಸುತ್ತದೆ, ಮತ್ತು ಇದರಿಂದ ಕಲ್ಪಿತ ಕೊಲೆಗೂ ವಾಸ್ತವ ಜಗತ್ತಿಗೂ ನಡುವಿನ ಗೋಡೆ ತೆಳುವಾಗುತ್ತದೆ. ಜರ್ಮನಿಯ ತಜ್ಞರ ಆಟಗಳ ಪ್ರಶಸ್ತಿಗೆ 2019ರಲ್ಲಿ ಇದು ನಾಮನಿರ್ದೇಶನಗೊಂಡಿತ್ತು.

ಗುಟ್ಟನ್ನು ಆ್ಯಪ್‌ಗೆ ಒಪ್ಪಿಸಿದ ಆಟದ ಆಯುಸ್ಸು ಆ್ಯಪ್‌ನ ಆಯುಸ್ಸಿಗೆ ಗಂಟುಬೀಳುತ್ತದೆ ಎಂಬ ಆತಂಕ ಆಧಾರವಿಲ್ಲದ್ದಲ್ಲ. ‘ಸ್ಟಾಪ್ ಥೀಫ್’ ಅನ್ನು 2017ರಲ್ಲಿ ರೆಸ್ಟೊರೇಷನ್ ಗೇಮ್ಸ್ ಮತ್ತೆ ಹೊರತಂದಾಗ ಸದ್ದು ಮಾಡುವ ಪೆಟ್ಟಿಗೆಯ ಜಾಗಕ್ಕೆ ಮೊಬೈಲ್ ಆ್ಯಪ್ ಬಂದಿತು. ಕೆಡದೆ ಉಳಿದ 1979ರ ಪೆಟ್ಟಿಗೆಗೆ ಹೊಸ ಬ್ಯಾಟರಿ ಹಾಕಿದರೆ ಕಳ್ಳನ ಹೆಜ್ಜೆ ಮತ್ತೆ ಕೇಳಿಸುತ್ತದೆ, ಲಂಡನ್ನಿನ ವಿಳಾಸ ಪುಸ್ತಕಕ್ಕೆ ಬ್ಯಾಟರಿಯೂ ಬೇಡ. ಆದರೆ ಆ್ಯಪ್ ಪ್ರತಿ ಬಾರಿ ಫೋನುಗಳ ಒಳತಂತ್ರ ಬದಲಾದಾಗಲೂ ತಾನೂ ಬದಲಾಗಬೇಕು, ದತ್ತಾಂಶ ಕೋಶಕ್ಕೆ ಎಲ್ಲಿಯೋ ಒಂದು ಸರ್ವರ್ ಸದಾ ಎಚ್ಚರವಾಗಿರಬೇಕು.

ಜರ್ಮನಿಯ ಯೋಹಾನೆಸ್ ಜಿಖ್ 2020ರಲ್ಲಿ ರಚಿಸಿದ, ಮರುವರ್ಷ ‘ಷ್ಪೀಲ್ ಡೆಸ್ ಯಾರೆಸ್’ ಗೆದ್ದ ‘ಮೈಕ್ರೊಮ್ಯಾಕ್ರೊ: ಕ್ರೈಮ್ ಸಿಟಿ’ ಈ ಇಡೀ ಪರಂಪರೆಯ ಪಕ್ಕದಲ್ಲಿ ಬೇರೆಯೇ ಆಗಿ ನಿಲ್ಲುತ್ತದೆ. 75 ಸೆಂಟಿಮೀಟರ್ ಅಗಲ, 110 ಸೆಂಟಿಮೀಟರ್ ಉದ್ದದ ಒಂದೇ ಹಾಳೆಯ ಮೇಲೆ ಕಪ್ಪು ಗೆರೆಗಳಲ್ಲಿ ಬರೆದ ನಗರ, ಪೆಟ್ಟಿಗೆಯಲ್ಲೊಂದು ಪುಟ್ಟ ಭೂತಗನ್ನಡಿ. ಬೇರೆ ಬೇರೆ ಗಳಿಗೆಗಳನ್ನು ಒಂದೇ ಚಿತ್ರದೊಳಗೆ ತಂದಿರುವುದರಿಂದ ಒಂದು ಬೀದಿಯಲ್ಲಿ ಸತ್ತು ಬಿದ್ದಿರುವವನೇ ಎರಡು ಬೀದಿ ಆಚೆ ಇನ್ನೂ ಜೀವಂತವಾಗಿ ನಡೆಯುತ್ತಿರುತ್ತಾನೆ. ಅವನ ಹಿಂದೆ ಯಾರಿದ್ದಾರೆಂದು ನೋಡಲು ಮೇಜಿನ ಸುತ್ತಲಿನವರ ತಲೆಗಳು ಒಂದಕ್ಕೊಂದು ತಾಗುವಷ್ಟು ಬಾಗುತ್ತವೆ, ಬೆರಳು ಹೆಣದಿಂದ ಹೊರಟು ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯುತ್ತದೆ.