ಬಾಡಿಗೆದಾರನ ಬಿಡುಗಡೆ: ಹದಿನೈದು ದಿನಗಳ ನೋಟಿಸಿನ ಇತಿಹಾಸ

ಭಾರತದಲ್ಲಿ ಬಾಡಿಗೆ ಕರಾರನ್ನು ಕೊನೆಗೊಳಿಸುವ ಹಕ್ಕಿಗೆ ಲಿಖಿತ ರೂಪ ಕೊಟ್ಟದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಇದರ 106ನೆಯ ಕಲಮು, ಬೇರೆ ಒಪ್ಪಂದವಿಲ್ಲದಿದ್ದರೆ, ಕೃಷಿ ಅಥವಾ ಕೈಗಾರಿಕೆಗಾಗಿ ಪಡೆದ ಸ್ವತ್ತಿಗೆ ಆರು ತಿಂಗಳ, ವಾಸದ ಮನೆಯಂತಹ ಇತರ ಸ್ವತ್ತಿಗೆ ಹದಿನೈದು ದಿನಗಳ ಲಿಖಿತ ನೋಟಿಸನ್ನು ವಿಧಿಸಿ, ಅದನ್ನು ನೀಡುವ ಅಧಿಕಾರವನ್ನು ಮಾಲೀಕನಿಗೂ ಬಾಡಿಗೆದಾರನಿಗೂ ಸಮಾನವಾಗಿ ಹಂಚಿತು. ಅವಧಿಗೆ ಮುನ್ನವೇ ಉಭಯಸಮ್ಮತಿಯಿಂದ ಸ್ವಾಧೀನವನ್ನು ಮರಳಿಸುವ 'ಬಿಟ್ಟುಕೊಡುವಿಕೆ'ಯನ್ನು 111ನೆಯ ಕಲಮು ಮಾನ್ಯ ಮಾಡಿದರೆ, ಬೆಂಕಿ, ಪ್ರವಾಹಗಳಿಂದ ಸ್ವತ್ತು ಬಳಕೆಗೆ ಶಾಶ್ವತವಾಗಿ ಅಯೋಗ್ಯವಾದಾಗ, ಆ ಹಾನಿ ಬಾಡಿಗೆದಾರನ ತಪ್ಪಿನಿಂದ ಆಗಿರದಿದ್ದರೆ, ಕರಾರನ್ನು ರದ್ದುಪಡಿಸುವ ಆಯ್ಕೆಯನ್ನು 108ನೆಯ ಕಲಮು ಅವನಿಗೆ ಒಪ್ಪಿಸಿತು.

106ನೆಯ ಕಲಮಿನ ಮೊದಲಿನ ನಿಯಮದಂತೆ ನೋಟಿಸಿನ ಅವಧಿಯು ಬಾಡಿಗೆಯ ತಿಂಗಳ ಕೊನೆಗೇ ಮುಗಿಯಬೇಕಾಗಿದ್ದುದರಿಂದ, ಒಂದು ದಿನದ ಲೆಕ್ಕ ತಪ್ಪಿದರೂ ನೋಟಿಸು ಅಸಿಂಧುವಾಗುವ ಅಪಾಯವಿತ್ತು. 2002ರ ತಿದ್ದುಪಡಿಯು ಈ ಷರತ್ತನ್ನು ಕೈಬಿಟ್ಟು, ನೋಟಿಸು ತಲುಪಿದ ದಿನದಿಂದಲೇ ಅವಧಿಯನ್ನು ಎಣಿಸಬೇಕೆಂದಿತು. ಇನ್ನು ಕರಾರಿನ ಅವಧಿಯ ವಿಷಯಕ್ಕೆ ಬಂದರೆ, ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿಯನ್ನು ಕಡ್ಡಾಯಗೊಳಿಸಿದ 1908ರ ನೋಂದಣಿ ಕಾಯ್ದೆಯಿಂದಾಗಿ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿತು. ಕರ್ನಾಟಕದ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯೂ ಅದರ ಸ್ಥಾನಕ್ಕೆ ಬಂದ 1999ರ ಕಾಯ್ದೆಯೂ ಮುಖ್ಯವಾಗಿ ಒಕ್ಕಲೆಬ್ಬಿಸುವಿಕೆಯ ವಿರುದ್ಧ ರಕ್ಷಣೆ ನೀಡಿದವು. ಆದರೆ ಗೌರವದಿಂದ ಮನೆ ಬಿಟ್ಟು ಹೊರಡುವ ಸ್ವಾತಂತ್ರ್ಯವೂ ಅಷ್ಟೇ ಮಹತ್ವದ ರಕ್ಷಣೆಯೆಂಬುದನ್ನು ಈ ಇತಿಹಾಸ ಮನಗಾಣಿಸುತ್ತದೆ.