ಕಬ್ಬಿಣ ಮತ್ತು ಕೋಶಪೊರೆಯ ಉತ್ಕರ್ಷಣ
ಜೀವಪೋಷಕವಾದ ಕಬ್ಬಿಣವು ಟ್ರಾನ್ಸ್‌ಫೆರಿನ್, ಫೆರಿಟಿನ್ ಮೊದಲಾದ ಪ್ರೋಟೀನುಗಳ ಬಂಧನದಿಂದ ಬಿಡುಗಡೆಗೊಂಡಾಗ ಕೋಶಪೊರೆಗೆ ಒದಗುವ ಹಾನಿ. ಫೆರಸ್ ಕಬ್ಬಿಣವು ಹೈಡ್ರೋಜನ್ ಪೆರಾಕ್ಸೈಡನ್ನು ಸೀಳಿ ಅತ್ಯುಗ್ರವಾದ ಹೈಡ್ರಾಕ್ಸಿಲ್ ರಾಡಿಕಲ್ಲನ್ನು ಹುಟ್ಟಿಸುವುದು. 1894ರಲ್ಲಿ ಟಾರ್ಟಾರಿಕ್ ಆಮ್ಲದ ಮೇಲೆ ಕಬ್ಬಿಣದ ಪ್ರಭಾವವನ್ನು ವರ್ಣಿಸಿದ ಫೆಂಟನ್ನನ ಹೆಸರು ಈ ಕ್ರಿಯೆಗೆ ನಿಂತಿದೆ. ಆ ರಾಡಿಕಲ್ಲು ಪೊರೆಯ ಅಪರ್ಯಾಪ್ತ ಮೇದಾಮ್ಲದಿಂದ ಒಂದು ಹೈಡ್ರೋಜನ್ ಪರಮಾಣುವನ್ನು ಕಸಿಯಲು, ಆ ಎಡೆಗೆ ಆಮ್ಲಜನಕವು ಬಂದು ಸೇರಿ, ಹಾಗೆ ಉಂಟಾದ ಪೆರಾಕ್ಸಿಲ್ ರಾಡಿಕಲ್ಲು ನೆರೆಯ ಅಣುವನ್ನು ಕೆಡಿಸಿ, ವಿಕಾರವು ಸರಪಳಿಯಂತೆ ಹಬ್ಬಿ, ಕಡೆಗೆ ಪೊರೆಯೇ ಸೋರತೊಡಗುವುದು. ‘ಈ’ ಜೀವಸತ್ತ್ವವು ಸರಪಳಿಯನ್ನು ತುಂಡರಿಸಬಲ್ಲುದು.

ಕಲಬುರಗಿಯ ಸೇಡಂ ರಸ್ತೆಯ ಆಸುಪಾಸಿನ ಎರೆನೆಲದ ಜನಕ್ಕೆ ಇದು ಅಪರಿಚಿತವಲ್ಲ: ಈ ಸೀಮೆಯ ಕುಸುಬೆ ಎಣ್ಣೆಯಲ್ಲಿ ಹೇರಳವಾಗಿರುವ ಲಿನೋಲಿಕ್ ಆಮ್ಲವು ಕೋಶಪೊರೆಯಲ್ಲಿಯೂ ಉಂಟು, ತುಕ್ಕುಹಿಡಿದ ಡಬ್ಬಿಯಲ್ಲಿಟ್ಟ ಎಣ್ಣೆಗೆ ಬೇಗನೆ ಕಮಟು ವಾಸನೆ ಬರುವುದೂ ಇಂಥ ಉತ್ಕರ್ಷಣದಿಂದಲೇ.

ಥಲಸ್ಸೀಮಿಯಾ ಪೀಡಿತ ಮಕ್ಕಳಲ್ಲಿ ಈ ಹಾನಿ ದಾರುಣ. ಇವರಿಗೆ ಮತ್ತೆ ಮತ್ತೆ ಏರಿಸಬೇಕಾಗುವ ಪ್ರತಿ ಯೂನಿಟ್ ರಕ್ತದೊಡನೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಸೇರುವುದು. ಹೆಚ್ಚುವರಿಯನ್ನು ಹೊರಹಾಕುವ ಮಾರ್ಗವು ದೇಹಕ್ಕಿಲ್ಲವಾದ್ದರಿಂದ ಅದು ಯಕೃತ್ತಿನಲ್ಲಿಯೂ ಹೃದಯದಲ್ಲಿಯೂ ಸಂಚಯಗೊಳ್ಳುವುದು. ಡೆಫೆರಾಸಿರಾಕ್ಸ್‌ನಂಥ ಕಬ್ಬಿಣಬಂಧಕ ಔಷಧಗಳು ಇವರಿಗೆ ಅನಿವಾರ್ಯ. ಕಬ್ಬಿಣದ ಕೊರತೆಯಿಂದ ರಕ್ತಹೀನರಾದವರಾದರೋ ಇದನ್ನೋದಿ ವೈದ್ಯರಿತ್ತ ಮಾತ್ರೆಗಳನ್ನು ತ್ಯಜಿಸಲಾಗದು.